"ಸಾಕು" ಅನ್ನೂದು ಯಾರ ಬಾಯಾಗ ಬರಬೇಕು?

ಅಕ್ಕಗೋಳ್ರೆ, ವೈನಿಗೋಳ್ರೆ, ಹ್ವಾದ ವಾರ ಟ್ರಂಕ್ ಸ್ವಚ್ಛ ಮಾಡೂವಾಗ ತಳದಾಗ ಒಂದು ಹಳೇ ಬ್ಯಾಟು ಸಿಕ್ತು. ಎರಡು ದಾರ ಹರದಾವು. ಹಿಡಿಕಿಗೆ ಸುತ್ತಿದ ಬಟ್ಟಿ ನಾನ ಹೊಲದದ್ದು. ನನ್ನ ಮಗಳ ಬ್ಯಾಟು ಅದು. 8ನೇತ್ತಾ ಇದ್ದಾಗ ಶಟಲ್ ಆಡಾಕ ಶಾಲಿಯಿಂದ ಆರಿಸಿ ಬಂದಿದ್ದಳು. ವಿಜಯಪುರಕ್ಕ ಹೋಗಬೇಕಿತ್ತು, ನಸಕಿನ್ಯಾಗ ಬಸ್ಸು. "ಯಾರ ಕರಕೊಂಡು ಹೋಗಬೇಕವ್ವ? ಆಡಿದ್ದು ಸಾಕು ಬಿಡು" ಅಂದೆ. ಅಕಿ ಅಳಲಿಲ್ಲ, ಜಗಳಾನೂ ಮಾಡಲಿಲ್ಲ. ಬ್ಯಾಟು ಟ್ರಂಕಿನ್ಯಾಗ ಇಟ್ಟಳು. ಹಂಗಂದಾಕಿ ನಾನ, ಅವರಪ್ಪ ಅಲ್ಲ. ಅದಕ್ಕ ಇದನ್ನ ಬರ್ಯಾಕ ಕುಂತೀನಿ.

ಸೈನಾ ನೆಹ್ವಾಲ್ ಹೆಸರು ನೀವೆಲ್ಲಾ ಕೇಳೀರಿ. ಅಕಿ ಹುಟ್ಟಿದ್ದು 1990ರಾಗ, ಹರಿಯಾಣದ ಹಿಸಾರದಾಗ. ಎರಡನೇದೂ ಹೆಣ್ಣು ಅಂತ ಅಜ್ಜಿ ಒಂದು ತಿಂಗಳು ಮಾರಿ ನೋಡಾಕ ಬರಲಿಲ್ಲಂತ. ಇದನ್ನ ಸೈನಾನ ಹೇಳ್ಯಾಳ. ನಮ್ಮ ಓಣ್ಯಾಗಿನ ಕತಿನ ಆತಲ್ಲ? ಮುಂದ ಅಪ್ಪನ ನೌಕರಿ ಸಲುವಾಗಿ ಹೈದರಾಬಾದಿಗೆ ಬಂದರು. ಅಲ್ಲಿ ಎಂಟು ವರ್ಷದ ಕೂಸು ಬ್ಯಾಟು ಹಿಡೀತು. ಮನಿಯಿಂದ ಸ್ಟೇಡಿಯಂ ಇಪ್ಪತ್ತು ಕಿಲೋಮೀಟರ್ ಮ್ಯಾಲೆ ದೂರ. ಅಪ್ಪ ನಸಕಿನ್ಯಾಗ ಎದ್ದು ಸ್ಕೂಟರ್ ಮ್ಯಾಲೆ ಕರಕೊಂಡು ಹೊಂಟರ ಕೂಸು ಹಿಂದ ಕುಂತಲ್ಲೇ ತೂಕಡಸತಿತ್ತು. ಬಿದ್ದಗಿದ್ದೀತು ಅಂತ ತಾಯಿ ಉಷಾರಾಣಿನೂ ಹಿಂದ ಹಿಡಕೊಂಡು ಕುಂತು ಹೋಗತಿದ್ದಳು. ಆ ತಾಯಿನೂ ಹರಿಯಾಣದಾಗ ರಾಜ್ಯ ಮಟ್ಟಕ್ಕ ಬ್ಯಾಡ್ಮಿಂಟನ್ ಆಡಿದಾಕಿ. ಖರ್ಚಿಗೆ ಸಾಲದಾಗ ಅಪ್ಪ ಪಿಎಫ್ ರೊಕ್ಕ ತಗದ.

ಮುಂದಿಂದು ಪೇಪರಿನ್ಯಾಗ ಓದೀರಿ. 2009ರಾಗ ಇಂಡೋನೇಷ್ಯಾದಾಗ ಗೆದ್ದಳು, 2010ರಾಗ ದಿಲ್ಲಿ ಕಾಮನ್‌ವೆಲ್ತ್‌ದಾಗ ಬಂಗಾರ, 2012ರ ಲಂಡನ್ ಒಲಿಂಪಿಕ್ಸಿನ್ಯಾಗ ಕಂಚು. ನಾ ಹೇಳಾಕ ಹೊಂಟಿದ್ದು ಗೆದ್ದದ್ದಲ್ಲ, ಸೋತಾಗಿಂದು.

2014ರ ಹೊತ್ತಿಗೆ ಅಕಿ ಆಟ ಇಳದಿತ್ತು. ವಯಸ್ಸು 24. ನಮ್ಮ ಕಡೆ ಆ ವಯಸ್ಸಿಗೆ ಕೂಸು ಕಂಕುಳಾಗ ಇರತೈತಿ. "ಒಲಿಂಪಿಕ್ ಪದಕ ಬಂತು, ಹೆಸರು ಬಂತು, ಇನ್ನ ಸಾಕು" ಅನ್ನೂ ಮಂದಿ ಎಲ್ಲಾ ಊರಾಗೂ ಇರತಾರ. ಸೈನಾ ಏನ ಮಾಡಿದಳು? ಹೈದರಾಬಾದಿನ ಮನಿ ಬಿಟ್ಟು, ಇಷ್ಟು ವರ್ಷ ಕಲಿಸಿದ ಗೋಪಿಚಂದ್ ಅವರನ್ನೂ ಬಿಟ್ಟು, ನಮ್ಮ ಬೆಂಗಳೂರಿಗೆ ಬಂದಳು. ಪ್ರಕಾಶ ಪಡುಕೋಣೆ ಅಕಾಡೆಮಿಯೊಳಗ ವಿಮಲ್ ಕುಮಾರ್ ಅವರ ಕೈಯಾಗ ಕಲ್ಯಾಕ ನಿಂತಳು. ಗುರು ಬಿಡೂದು ಅಂದ್ರ ಸಣ್ಣ ಮಾತಲ್ಲ. ಅದೇ ವರ್ಷ ನವೆಂಬರಿನ್ಯಾಗ ಚೈನಾ ಓಪನ್ ಗೆದ್ದಳು. 2015ರ ಮಾರ್ಚಿನ್ಯಾಗ ಆಲ್ ಇಂಗ್ಲೆಂಡ್ ಫೈನಲ್ ಸೋತಳು, ಅದೇ ತಿಂಗಳು ದಿಲ್ಲ್ಯಾಗ ಗೆದ್ದು ಜಗತ್ತಿಗೇ ನಂಬರ್ ಒನ್ ಆದಳು. ನಮ್ಮ ದೇಶದ ಹೆಣ್ಮಕ್ಕಳೊಳಗ ಅಕಿನ ಮೊದಲ್ನೇದಾಕಿ.

2016ರ ರಿಯೋದಾಗ ಮೊಣಕಾಲು ಕೈಕೊಟ್ಟಿತು, ಆಪರೇಷನ್ ಆತು. ಮತ್ತ ಎದ್ದಳು. 2018ರ ಕಾಮನ್‌ವೆಲ್ತ್ ಫೈನಲ್‌ದಾಗ ಸಿಂಧೂನ್ನ ಸೋಲಿಸಿ ಬಂಗಾರ ತಂದಳು. ಆ ವರ್ಷ ಡಿಸೆಂಬರಿನ್ಯಾಗ ಲಗ್ನ ಆತು. ಲಗ್ನ ಆದ ಮುಂದಿನ ತಿಂಗಳ ಇಂಡೋನೇಷ್ಯಾದಾಗ ಮತ್ತ ಗೆದ್ದಳು. 2023ರ ಮ್ಯಾಲೆ ಮೊಣಕಾಲು ಒಪ್ಪಲಿಲ್ಲ. ಆಡೂದು ಬಿಟ್ಟೀನಿ ಅಂತ 2026ರ ಜನವರಿಯೊಳಗ ತಾನ ಹೇಳಿದಳು.

ನೋಡ್ರಿ, "ಸಾಕು" ಅನ್ನೂ ಮಾತು ಅಕಿ ಬಾಯಾಗಿಂದ ಬಂತು. ಅಜ್ಜಿ ಬಾಯಾಗಿಂದಲ್ಲ, ಅತ್ತಿ ಬಾಯಾಗಿಂದಲ್ಲ. ನಮ್ಮ ಮನ್ಯಾಗ ಅದು ದೊಡ್ಡಾಕಿ ಆದಾಗ ಒಮ್ಮೆ ಬರತೈತಿ, ಹತ್ತನೇತ್ತಾ ಬಂದಾಗ ಒಮ್ಮೆ, ವರ ನೋಡಾಕ ಹತ್ತಿದಾಗ ಒಮ್ಮೆ. ಹುಡುಗಿಗೆ ಹೇಳಾಕ ಪಾಳೇನ ಬರೂದಿಲ್ಲ.

"ಎಲ್ಲಾರೂ ಸೈನಾ ಆಗತಾರೇನ?" ಅಂತೀರಿ. ಆಗೂದಿಲ್ಲ. ಅವರಪ್ಪಗ ತಿಂಗಳಾದ್ರ ಪಗಾರ ಇತ್ತು, ನಾವು ಮಳಿ ದಾರಿ ಕಾಯಾವ್ರು, ಅದೂ ಖರೇ. ನನ್ನ ಮಗಳೂ ವಿಜಯಪುರಕ್ಕ ಹೋಗಿ ಮೊದಲ್ನೇ ಆಟಾನ ಸೋತು ಬರತಿದ್ದಳೇನೋ. ಆದ್ರ ಸೋತು ಬರೂದೂ ಅಕಿ ಹಕ್ಕಿತ್ತು. ಅದನ್ನ ನಾ ಕಸಕೊಂಡೆ. ಇವತ್ತು ಅಕಿಗೆ "ನೀ ಹೆಂಗ ಆಡತಿದ್ದಿ?" ಅಂತ ಮಕ್ಕಳು ಕೇಳಿದ್ರ "ಗೊತ್ತಿಲ್ಲ" ಅಂತಾಳ. ಆ ಮಾತು ನನ್ನ ಎದಿಗೆ ಚುಚ್ಚತೈತಿ.

ನಮ್ಮ ಕಾಖಂಡಕಿ ಕಾರಹುಣ್ಣಿಮಿ ಕರಿ ಅಂದ್ರ ಎತ್ತು ಓಡೂದು ನೋಡಾಕ ಮಾಳಗಿ ತುಂಬ ಮಂದಿ. ಕೆಲಸ ಬಿಟ್ಟು ನಾವೂ ಏರಿ ನಿಂದರತೀವಿ. ಮನಿ ಹುಡುಗಿ ಓಡೂದು ನೋಡಾಕ ಮಾತ್ರ ನಮಗ ಪುರಸೊತ್ತಿಲ್ಲ.

ಲಕ್ಷ ರೂಪಾಯಿ ಖರ್ಚ ಮಾಡ್ರಿ ಅನ್ನೂದಿಲ್ಲ ನಾನು. ಉಷಾರಾಣಿ ಸ್ಕೂಟರ್ ಹಿಂದ ಕುಂತಳಲ್ಲ, ಅಷ್ಟ ಕುಂಡ್ರೂನು. ಬಸ್ಸಿನ್ಯಾಗ ಒಂದು ಸೀಟು, ಎರಡು ರೊಟ್ಟಿ, ಇಷ್ಟು ಶೇಂಗಾ ಹಿಂಡಿ.

ನಮ್ಮ ಓಣ್ಯಾಗ ಎರಡು ಗೂಟಕ್ಕ ಹಗ್ಗ ಕಟ್ಟಿ ಹುಡುಗ್ಯಾರು ಸಂಜೀಕ ಶಟಲ್ ಆಡತಾವು. ಬ್ಯಾಟಿಗೆ ಹೊಸ ದಾರ ಹಾಕಿಸಿ ಅವಕ್ಕ ಕೊಟ್ಟೀನಿ. ಅವರವ್ವಂದಿರಿಗೆ ಒಂದ ಮಾತು: ಶಾಲಿಯಿಂದ ಯಾರರ ಆರಿಸಿ ಬಂದ್ರ, ಕರಕೊಂಡು ಹೋಗಾಕ ಯಾರೂ ಇಲ್ಲ ಅನಬ್ಯಾಡ್ರಿ. ನಾ ಬರತೀನಿ. ಬುತ್ತಿನೂ ನಾನ ಕಟ್ಟತೀನಿ.