ಒಬ್ಬಳೇ ಒಡತಿ, ಬಲು ಜೋಪಾನ

ಇಂಗ್ಲೆಂಡಿನಲ್ಲಿ ಹಳೆಯ ಕಾರು ಮಾರುವವರ ಬಾಯಲ್ಲಿ ಸವೆದುಹೋದ ಒಂದು ಮಾತಿದೆ: ‘ಒಬ್ಬಳೇ ಒಡತಿ, ಬಲು ಜೋಪಾನ’. ಹೇಳಿ ಹೇಳಿ ಅದು ನಗೆಚಾಟಿಕೆಯೇ ಆಗಿದ್ದರೂ ಇನ್ನೂ ಸತ್ತಿಲ್ಲ. ನಮ್ಮಲ್ಲಿ ‘ಲೇಡಿ ಡ್ರಿವನ್’, ‘ಡಾಕ್ಟರ್ ಓಡಿಸಿದ್ದು’ ಎಂದು ಹಾಕುತ್ತಾರಲ್ಲ, ಅದರ ಅಕ್ಕ ಇದು. ಹೆಂಗಸರಿಗೆ ಸಂದ ಗೌರವವೆಂದು ಇದನ್ನು ಕೇಳಿ ಬೀಗುವವರಿದ್ದಾರೆ. ನನಗೆ ಮೈ ಉರಿಯುತ್ತದೆ.

ಜಾಗ್ವಾರ್ ಕಂಪನಿಯ ಎಕ್ಸ್‌ಜೆ-ಎಸ್ ಕಾರನ್ನೇ ತೆಗೆದುಕೊಳ್ಳಿ. (ಆ ಕಂಪನಿಯನ್ನು 2008ರಲ್ಲಿ ನಮ್ಮ ಟಾಟಾದವರು ಕೊಂಡರು.) 1975ರಲ್ಲಿ ಹೊರಬಂದ ಕಾರು. ಎರಡೇ ಬಾಗಿಲು, ಉದ್ದನೆಯ ಮೂತಿ, ಅದರೊಳಗೆ ಹನ್ನೆರಡು ಸಿಲಿಂಡರಿನ 5.3 ಲೀಟರ್ ಎಂಜಿನ್ನು. ಹಿಂದಿನ ಸೀಟಿನಲ್ಲಿ ದೊಡ್ಡವರು ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತದೆ. ಇಂಥದಕ್ಕೆ ಕೂಪೆ ಎನ್ನುತ್ತಾರೆ. ಕೊವೆಂಟ್ರಿಯಲ್ಲಿ 1996ರವರೆಗೆ ಲಕ್ಷಕ್ಕೂ ಮಿಕ್ಕಿ ತಯಾರಾದವು. ಅವುಗಳಲ್ಲಿ ಚೆನ್ನಾಗಿ ಉಳಿದದ್ದೊಂದು ಈಗ ಮಾರಾಟಕ್ಕೆ ಬಂತೆನ್ನಿ. ವರ್ಣನೆ ಹೇಗಿರುತ್ತದೆ? ಬಣ್ಣ ಮಾಸಿಲ್ಲ, ಚರ್ಮ ಸುಕ್ಕಾಗಿಲ್ಲ, ಹೆಚ್ಚು ಓಡಾಡಿಲ್ಲ, ಮಳೆಯಲ್ಲಿ ಹೊರಗೆ ಬಂದದ್ದೇ ಇಲ್ಲ. ‘ವಧು ಬೇಕಾಗಿದೆ’ ಕಾಲಂ ಓದಿದ ಹಾಗಾಗುವುದಿಲ್ಲವೆ? ಅಲ್ಲಿ ಕಾರಿಗೆ ‘ಅವಳು’ ಎನ್ನುವ ರೂಢಿ ಬೇರೆ ಉಂಟು.

ಒಡತಿ ಜೋಪಾನದವಳು ಎಂದಾಗ ಕೊಳ್ಳುವವನು ಏನು ತಿಳಿಯಬೇಕು? ಗಂಟೆಗೆ 140 ಮೈಲಿ ಮೀರಿ ಓಡಬಲ್ಲ ಕಾರಿನಲ್ಲಿ ಆಕೆ ಅಂಗಡಿಗೂ ಚರ್ಚಿಗೂ ಹೋಗಿ ಬಂದಳು, ಅಷ್ಟೇ ಎಂದು. ಆಕೆ ಎಲ್ಲಿಗೂ ಹೋಗಲಿಲ್ಲವೆಂಬುದಕ್ಕೇ ಬೆಲೆ. ಅದೇ ಕಾರನ್ನು ಗಂಡಸೊಬ್ಬ ಓಡಿಸದೆ ಮುಚ್ಚಿಟ್ಟಿದ್ದರೆ ಅವನು ಸಂಗ್ರಾಹಕ, ರಸಿಕ!

ಹಾಗಾದರೆ ಜೋಪಾನ ಮಾಡುವುದು ತಪ್ಪೇ ಎಂದು ಕೇಳುವವರಿದ್ದಾರೆ. ತಪ್ಪಲ್ಲ. ಆದರೆ ಓಡಿಸದೆ ಇಡುವುದು ಜೋಪಾನವಲ್ಲ. ನಿಂತ ಕಾರಿನಲ್ಲಿ ಬ್ರೇಕಿನ ಎಣ್ಣೆ ತೇವ ಹೀರುತ್ತದೆ, ಪೆಟ್ರೋಲು ಕೆಡುತ್ತದೆ, ಟಯರು ನಿಂತಲ್ಲೇ ಚಪ್ಪಟೆಯಾಗುತ್ತದೆ, ರಬ್ಬರು ಬಿರಿಯುತ್ತದೆ. ಕಾವು ಹೆಚ್ಚಿರುವ ಆ ಎಂಜಿನ್ನಿನ ಮೇಲೆ ಹಳೆಯ ಪೆಟ್ರೋಲ್ ಪೈಪು ಬಿರಿದರೆ ಬೆಂಕಿಯೇ ಗತಿ. ಟ್ರಂಕಿನ ತಳದಲ್ಲಿ ಮಡಿಕೆ ಬದಲಿಸದೆ ಇಟ್ಟ ಜರಿ ಸೀರೆ ಮಡಿಕೆಯಲ್ಲೇ ಸೀಳುತ್ತದೆಂದು ನಮಗೆ ಯಾರಾದರೂ ಹೇಳಿಕೊಡಬೇಕೆ?

ಹೆಂಗಸರು ಮೆಲ್ಲಗೆ ಓಡಿಸುತ್ತಾರೆಂಬ ನಂಬಿಕೆಯಾದರೂ ಎಲ್ಲಿಯದೋ! 1960ರಲ್ಲಿ ಲೀಜ್-ರೋಮ್-ಲೀಜ್ ರ‍್ಯಾಲಿ ಗೆದ್ದವರು ಪ್ಯಾಟ್ ಮಾಸ್ ಮತ್ತು ಆನ್ ವಿಸ್ಡಮ್ ಎಂಬ ಇಬ್ಬರು ಹೆಂಗಸರು. ಬ್ರಿಟನ್ನಿನದೇ ಆಸ್ಟಿನ್-ಹೀಲಿ ಕಾರಿನಲ್ಲಿ ಬೆಟ್ಟದ ರಸ್ತೆಗಳನ್ನು ಹಗಲೂ ರಾತ್ರಿ ಹತ್ತಿ ಇಳಿದು, ಗಂಡಸರನ್ನೆಲ್ಲ ಹಿಂದೆ ಹಾಕಿ ಗೆದ್ದರು.

ಜಾಹೀರಾತಿನಲ್ಲಿ ಇನ್ನೊಂದು ಹೆಮ್ಮೆಯ ಮಾತಿರುತ್ತದೆ: ಸೀಟಿನ ಹೊಲಿಗೆ ಇನ್ನೂ ಕಾರ್ಖಾನೆಯದೇ ಎಂದು. ಕಾರಿನ ಸೀಟು ಹೊಲಿಯುವವರ ಕಥೆ ಗೊತ್ತೇ? 1968ರ ಜೂನಿನಲ್ಲಿ ಡಾಗೆನ್‌ಹ್ಯಾಮಿನ ಫೋರ್ಡ್ ಕಾರ್ಖಾನೆಯಲ್ಲಿ ಸೀಟಿನ ಕವರು ಹೊಲಿಯುತ್ತಿದ್ದ 187 ಹೆಂಗಸರು ಮೆಷಿನ್ನು ಬಿಟ್ಟು ಎದ್ದರು. ಅವರ ಕೆಲಸಕ್ಕೆ ‘ಕುಶಲತೆ ಕಡಿಮೆ’ ಎಂಬ ದರ್ಜೆ ಕಟ್ಟಿದ್ದರು. ಸಾಲದ್ದಕ್ಕೆ, ಅದೇ ದರ್ಜೆಯ ಗಂಡಸಿಗಿಂತ ಶೇಕಡಾ 15 ಕಡಿಮೆ ಕೂಲಿ. ಸೀಟಿಲ್ಲದೆ ಕಾರು ಹೊರಟೀತೇ? ಕಾರ್ಖಾನೆಯೇ ನಿಂತಿತು. ಮೂರು ವಾರದ ಮೇಲೆ ಮಂತ್ರಿ ಬಾರ್ಬರಾ ಕ್ಯಾಸಲ್ ನಡುವೆ ಬಂದು ರಾಜಿ ಮಾಡಿಸಿದರು. ಸಮಾನ ವೇತನದ ಕಾಯಿದೆ 1970ರಲ್ಲಿ ಬಂತು. ಜಾರಿಯಾದದ್ದು 1975ರ ಡಿಸೆಂಬರಿನಲ್ಲಿ, ನಮ್ಮ ಜಾಗ್ವಾರ್ ಹುಟ್ಟಿದ ವರ್ಷವೇ. ಹೊಲಿಗೆಯೂ ಕುಶಲ ಕೆಲಸವೆಂದು ಒಪ್ಪಿಸಲು ಆ ಹೆಂಗಸರು 1984ರಲ್ಲಿ ಮತ್ತೊಮ್ಮೆ ಮುಷ್ಕರ ಹೂಡಬೇಕಾಯಿತು. ಫೋರ್ಡ್ ಬಡವರ ಕಾರು, ಜಾಗ್ವಾರ್ ಸಿರಿವಂತರದು, ಎರಡನ್ನೂ ಯಾಕೆ ಬೆರೆಸುತ್ತೀರಿ ಎನ್ನಬೇಡಿ. ಸೀಟಿನ ಹೊಲಿಗೆ ಬಿಚ್ಚಿಲ್ಲವೆಂದು ಬೆಲೆ ಏರಿಸುವ ಮಾರಾಟಗಾರನ ಬಾಯಲ್ಲಿ ಹೊಲಿದವಳ ಸುದ್ದಿ ಎರಡು ಕಡೆಯೂ ಇಲ್ಲ.

ಜಾಹೀರಾತು ಬರೆಯುವವರಿಗೆ ನನ್ನದೊಂದು ಮಾತು. ಒಡತಿಯ ಸುದ್ದಿ ಎತ್ತುವುದಾದರೆ ಪೂರ್ತಿ ಎತ್ತಿ. ಆಕೆ ಎಷ್ಟು ಮೈಲಿ ಓಡಿಸಿದಳು, ಎಲ್ಲೆಲ್ಲಿಗೆ ಹೋದಳು, ಪೈಪು ಬದಲಿಸಿದ ರಸೀದಿ ಎಲ್ಲಿದೆ, ಬರೆಯಿರಿ. ಮೀಟರು ಎರಡು ಲಕ್ಷ ಮೈಲಿ ದಾಟಿದ ಜಾಗ್ವಾರಿನ ಕೆಳಗೆ ‘ಒಬ್ಬಳೇ ಒಡತಿ’ ಎಂದಿದ್ದರೆ ಆ ಜಾಹೀರಾತನ್ನು ಕತ್ತರಿಸಿ ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿಕೊಂಡೇನು.