ಆರಿದ್ರೆಯನ್ನು ಕಂಡವರೆಷ್ಟು ಜನ?

ಕಳೆದ ಜನವರಿಯಲ್ಲಿ ನಮ್ಮ ಕಾಲೇಜಿನ ವೀಕ್ಷಣಾಲಯದಲ್ಲಿ ಸಾರ್ವಜನಿಕರಿಗಾಗಿ ಏರ್ಪಟ್ಟ ನಕ್ಷತ್ರವೀಕ್ಷಣೆಯ ರಾತ್ರಿ ನಾನೂ ಸರದಿಯಲ್ಲಿ ನಿಂತಿದ್ದೆ. ನನ್ನ ಹಿಂದೆ, ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರಿದ್ದರು. ಕೊಯಮತ್ತೂರು ಬಳಿಯ ಪೆರಿಯನಾಯಕನಪಾಳ್ಯದವರು. ಮನೆಮಾತು ಕನ್ನಡ, ಓದಿದ್ದು ತಮಿಳು. ಕೆಂಪಗೆ ಮಿನುಗುತ್ತಿದ್ದ ತಾರೆಯೊಂದನ್ನು ತೋರಿಸಿ, “ಅದೇ ಅಲ್ಲವೆ ತಿರುವಾದಿರೈ? ಮಾರ್ಗಳಿಯಲ್ಲಿ ನಟರಾಜನಿಗೆ ಹಬ್ಬ ಮಾಡುತ್ತೇವೆ” ಎಂದರು. ಭೌತವಿಜ್ಞಾನದ ಸಹೋದ್ಯೋಗಿ, “ಹೌದು, ನಮ್ಮ ಆರಿದ್ರೆ” ಎಂದರು.

ಪಕ್ಕದಲ್ಲಿದ್ದ ಐಚ್ಛಿಕ ಕನ್ನಡದ ವಿದ್ಯಾರ್ಥಿನಿ ನನ್ನ ಕಡೆ ತಿರುಗಿ, “ಸರ್, ಆರಿದ್ರ ಮಳೆ ಜೂನ್ ಕೊನೆಯಲ್ಲಲ್ಲವೆ? ನಕ್ಷತ್ರ ಚಳಿಗಾಲದಲ್ಲಿ ಹೇಗೆ ಬಂತು?” ಎಂದು ಕೇಳಿದಳು. ಇಪ್ಪತ್ತೈದು ವರ್ಷ ಕನ್ನಡ ಪಾಠ ಹೇಳಿದ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸರಳವಾದುದು. ಸೂರ್ಯನು ಯಾವ ನಕ್ಷತ್ರದಲ್ಲಿರುವನೋ ಆ ನಕ್ಷತ್ರದ ಹೆಸರನ್ನು ನಮ್ಮ ರೈತರು ಮಳೆಗೆ ಇಟ್ಟರು. ಸೂರ್ಯನ ಬೆಳಕಿನಲ್ಲಿ ಆ ನಕ್ಷತ್ರ ಮುಳುಗಿಹೋಗುವುದರಿಂದ, ಆರಿದ್ರ ಮಳೆ ಸುರಿಯುವಾಗ ಆರಿದ್ರೆ ಕಾಣುವುದೇ ಇಲ್ಲ. ತಮಿಳರ ಹಬ್ಬವಾದರೋ ಹುಣ್ಣಿಮೆಯ ಚಂದ್ರ ಅದೇ ನಕ್ಷತ್ರದ ಬಳಿ ಬರುವ ಕಾಲದ್ದು. ಆಗ ಸೂರ್ಯನು ಆಕಾಶದ ಎದುರು ಬದಿಯಲ್ಲಿರುವುದರಿಂದ ತಾರೆ ರಾತ್ರಿಯಿಡೀ ಕಾಣುತ್ತದೆ. ಒಂದೇ ತಾರೆಯನ್ನು ಒಬ್ಬರು ಕಾಣದಿರುವಾಗ ನೆನೆದರು, ಇನ್ನೊಬ್ಬರು ಕಂಡಾಗ ನೆನೆದರು. ಎರಡರ ಹಿಂದೆಯೂ ಇರುವುದು ತಲೆಮಾರುಗಳ ವೀಕ್ಷಣೆ.

ನಾನು ಮರಾಠಿ, ಕನ್ನಡ ಎರಡರಲ್ಲಿಯೂ ಓದಿದವನು. ಅಲ್ಲಿ ‘ಮೃಗ’ ಎಂದುದನ್ನು ನಮ್ಮ ಊರಿನ ಕನ್ನಡ ‘ಮಿರಗ’ ಎನ್ನುತ್ತಿತ್ತು. ಹೆಸರುಗಳನ್ನು ಎರಡು ಭಾಷೆಗಳಲ್ಲಿಯೂ ಬಾಯಿಪಾಠ ಮಾಡಿದೆವು. ತಲೆಯೆತ್ತಿ ನೋಡಿದ್ದು ಮಾತ್ರ ಇಲ್ಲ. ಕಾವ್ಯದಲ್ಲಿ ರೋಹಿಣಿ, ಚಿತ್ರೆ, ಸ್ವಾತಿಯರು ಬಂದಾಗ ಅರ್ಥಕೋಶ ತೆರೆದು ‘ಒಂದು ನಕ್ಷತ್ರ’ ಎಂದು ಬರೆದುಕೊಂಡು ಮುಂದೆ ಸಾಗುವ ನಿಮ್ಮ ಅಭ್ಯಾಸ ನಮ್ಮಿಂದಲೇ ಬಂದದ್ದು.

‘ಇದು ವಿಜ್ಞಾನ ವಿಭಾಗದವರ ಕೆಲಸ’ ಎಂಬ ಮಾತನ್ನು ನಾನು ಒಪ್ಪಲಾರೆ. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಭಾವನಗರದ ಮಹಾರಾಜ ತಖ್ತಸಿಂಹಜಿಯವರ ದೇಣಿಗೆಯಿಂದ 1888ರ ಹೊತ್ತಿಗೆ ಒಂದು ವೀಕ್ಷಣಾಲಯ ಎದ್ದು ನಿಂತಿತು. 20 ಅಂಗುಲದ ದೂರದರ್ಶಕ, ಅದನ್ನು ನಡೆಸಿದ ಪ್ರಾಧ್ಯಾಪಕ ಕಾವಸಜಿ ನೇಗಮ್‌ವಾಲಾ. 1898ರ ಜನವರಿ 22ರ ಸಂಪೂರ್ಣ ಸೂರ್ಯಗ್ರಹಣವನ್ನು ಅವರು ಸೊಲ್ಲಾಪುರದ ದಾರಿಯ ಜೇವೂರಿನಲ್ಲಿ ವೀಕ್ಷಿಸಿದರು. 1912ರಲ್ಲಿ ಅವರು ನಿವೃತ್ತರಾದರು, ವೀಕ್ಷಣಾಲಯ ಮುಚ್ಚಿತು, ಉಪಕರಣಗಳು ಕೊಡೈಕಾನಲ್ಲಿಗೆ ಹೋದವು. ಒಬ್ಬ ಅಧ್ಯಾಪಕರನ್ನೇ ನಂಬಿ ನಿಂತ ವೀಕ್ಷಣಾಲಯ ಅವರೊಂದಿಗೇ ಎದ್ದುಹೋದ ಕಥೆಯಿದು. ನಮ್ಮಲ್ಲಿಯೂ ಇಂದು ಇಡೀ ಕಾರ್ಯಕ್ರಮ ಒಂದಿಬ್ಬರ ಉತ್ಸಾಹದ ಮೇಲೆಯೇ ನಿಂತಿದೆ. ವಿವರಣೆ ಬಹುಪಾಲು ಇಂಗ್ಲಿಷಿನಲ್ಲಿ. ಊರಿನ ಜನ ಗುರುವನ್ನೋ ಶನಿಯ ಬಳೆಯನ್ನೋ ನೋಡಿದೆವೆಂಬುದೇ ತಿಳಿಯದೆ ಮೌನವಾಗಿ ಮರಳುತ್ತಾರೆ.

ಆದುದರಿಂದ ನನ್ನ ಸಲಹೆ ಇಷ್ಟೆ. ಮುಂದಿನ ವೀಕ್ಷಣೆಯ ರಾತ್ರಿಗಳಲ್ಲಿ ನಮ್ಮ ವಿಭಾಗದ ಇಬ್ಬರು ವಿದ್ಯಾರ್ಥಿಗಳು ದೂರದರ್ಶಕದ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ವಿವರಿಸಲಿ. ಇನ್ನಿಬ್ಬರು ಸರದಿಯಲ್ಲಿ ನಿಂತ ಹಿರಿಯರು ಹೇಳುವ ನಕ್ಷತ್ರದ ಹೆಸರು, ಮಳೆಯ ಗಾದೆಗಳನ್ನು ಬರೆದುಕೊಳ್ಳಲಿ. ಅಂಕಗಳು ಇದಕ್ಕೆ ದೊರೆಯಲಾರವು. ಆದರೆ ಆ ವಿದ್ಯಾರ್ಥಿನಿಯ ಪ್ರಶ್ನೆಯನ್ನು ನಾಳೆ ನಿಮ್ಮ ವಿದ್ಯಾರ್ಥಿಯೊಬ್ಬರು ನಿಮಗೆ ಕೇಳುವರು. ನನ್ನಂತೆ ನೀವೂ ಸಹೋದ್ಯೋಗಿಯ ಮುಖ ನೋಡುವಂತಾಗಬಾರದು.