ಲಿಂಗ ಹಿಡಿಯುವ ಕೈಗೆ ಸೂಜಿ

ಕಳೆದ ತಿಂಗಳು ತಾಯಿಯೊಬ್ಬರು ಮಗನನ್ನು ನಮ್ಮಲ್ಲಿಗೆ ಕರೆತಂದು ಅವನ ಎಡಗೈ ತೋರಿಸಿದರು. ಮೂತ್ರಪಿಂಡಗಳೆರಡೂ ಸೋತ ಆ ತರುಣನಿಗೆ ವಾರಕ್ಕೆ 3 ಬಾರಿ, ಪ್ರತಿ ಬಾರಿ 4 ತಾಸು ಡಯಾಲಿಸಿಸ್. ಮುಂದೋಳಿನ ಒಂದೇ ಎಡೆ ಲಿಂಬೆಹಣ್ಣಿನಷ್ಟು ಉಬ್ಬಿತ್ತು. “ಗುರುಗಳೇ, ಈ ಕೈಯಲ್ಲಿ ಲಿಂಗಪೂಜೆ ಮಾಡಬಹುದೇ?” ಎಂದು ಕೇಳಿದರು. ಅವಶ್ಯವಾಗಿ ಮಾಡಬಹುದು. ಆದರೆ ನಮ್ಮನ್ನು ಕಾಡಿದ್ದು ಆ ಉಬ್ಬು. ಬಲ್ಲ ವೈದ್ಯರನ್ನು ಕೇಳಿ ತಿಳಿದುದನ್ನು ಇಲ್ಲಿ ಅರುಹುತ್ತೇವೆ.

1966ರಲ್ಲಿ ನ್ಯೂಯಾರ್ಕಿನ ಬ್ರೆಸಿಯಾ, ಸಿಮಿನೊ ಮತ್ತು ಸಂಗಡಿಗರು ಮಣಿಕಟ್ಟಿನ ಬಳಿ ಧಮನಿಗೆ ಸಿರೆಯನ್ನು ಹೊಲಿದು ಸೇರಿಸುವ ‘ಫಿಸ್ಟುಲಾ’ವನ್ನು ಪ್ರಕಟಿಸಿದರು. ಧಮನಿಯ ರಭಸದ ರಕ್ತ ನುಗ್ಗಿ ಸಿರೆಯು ಕೆಲವು ವಾರಗಳಲ್ಲಿ ಹಿಗ್ಗುತ್ತದೆ, ಸೂಜಿಯನ್ನು ತಾಳುವಷ್ಟು ಬಲಿಯುತ್ತದೆ. ಒಂದು ಸೂಜಿ ರಕ್ತವನ್ನು ಯಂತ್ರಕ್ಕೆ ಒಯ್ದರೆ ಇನ್ನೊಂದು ಶುದ್ಧರಕ್ತವನ್ನು ಮರಳಿಸುತ್ತದೆ. ಇವೆರಡರ ನಡುವೆ ಸುಮಾರು 5 ಸೆಂಟಿಮೀಟರ್ ಅಂತರವಿರಬೇಕೆನ್ನುತ್ತಾರೆ. ತೀರ ಹತ್ತಿರವಾದರೆ ಶುದ್ಧವಾದ ರಕ್ತವೇ ಪುನಃ ಯಂತ್ರಕ್ಕೆ ಹೋಗಿ, ಕಶ್ಮಲವು ದೇಹದಲ್ಲಿಯೇ ಉಳಿದೀತು.

ವಾರಕ್ಕೆ 6ರಂತೆ ವರ್ಷಕ್ಕೆ 312 ಚುಚ್ಚು! ಇವೆಲ್ಲ ಒಂದೇ ಗೇಣಗಲದೊಳಗೆ ಬಿದ್ದರೆ ಸಿರೆಯ ಗೋಡೆ ಸವೆದು ಉಬ್ಬದೇ ಇದ್ದೀತೇ? ದಾದಿಯನ್ನೊಬ್ಬಳನ್ನೇ ದೂರುವುದು ನ್ಯಾಯವಲ್ಲ. ನೋವು ಕಡಿಮೆಯೆಂದು “ಅಲ್ಲಿಯೇ ಚುಚ್ಚಿ” ಎನ್ನುವವನು ರೋಗಿಯೇ. ಏಣಿಯ ಮೆಟ್ಟಿಲೇರಿದಂತೆ ಪ್ರತಿಸಲವೂ ತಾಣವನ್ನು ಸರಿಸುತ್ತ ಹೋಗುವುದು ಒಂದು ಕ್ರಮ. 1970ರ ದಶಕದಲ್ಲಿ ಪೋಲೆಂಡಿನ ತ್ವಾರ್ದೋವ್ಸ್ಕಿ ಇನ್ನೊಂದನ್ನು ತೋರಿಸಿದರು: ಅದೇ ರಂಧ್ರ, ಅದೇ ಕೋನ, ಅದೇ ಆಳ. ಅಂಗಿಯ ಕಾಜದಂತೆ ದಾರಿಯಾದ ಮೇಲೆ ಮೊಂಡು ಸೂಜಿಯೇ ಸಾಕು. ಆದರೆ ದಾರಿಯಾಗುವವರೆಗೆ ಚುಚ್ಚುವ ಕೈ ಒಂದೇ ಆಗಿರಬೇಕು. ಹಕ್ಕಳೆಯನ್ನು ಶುಚಿಯಾಗಿ ತೆಗೆಯದಿದ್ದರೆ ರಕ್ತಕ್ಕೆ ಸೋಂಕು ತಗಲುವ ಭಯವೂ ಹೆಚ್ಚು. ದಿನಕ್ಕೊಬ್ಬ ದಾದಿ ಬದಲಾಗುವ ಕಡೆ ಏಣಿಯ ಕ್ರಮವೇ ಲೇಸೆಂದು ನಮಗೆ ತೋರುತ್ತದೆ.

ನಮ್ಮ ಮನೆಗಳಿಗೇ ಸಲ್ಲುವ ಮಾತೊಂದುಂಟು. ಸೂಜಿ ಹೊಕ್ಕ ಎಡೆಗೆ ವಿಭೂತಿ ಬೇಡ; ಆ ಭಾಗವನ್ನು ಬಿಟ್ಟು ಧರಿಸಿದರೆ ಆಚಾರಕ್ಕೆ ಲೋಪವಿಲ್ಲ. ಚಿಕಿತ್ಸೆಗೆ ಮುನ್ನ ತೋಳನ್ನು ಸೋಪಿನಿಂದ ತೊಳೆಯಬೇಕು. ಆ ಕೈಗೆ ಬಿಗಿಬಳೆ, ರಕ್ತದೊತ್ತಡದ ಪಟ್ಟಿ ಸಲ್ಲದು. ಫಿಸ್ಟುಲಾದ ಮೇಲೆ ಬೆರಳಿಟ್ಟರೆ ದುಂಬಿ ಮೊರೆದಂತೆ ಕಂಪನವೊಂದು ತಿಳಿಯುತ್ತದೆ. ಅದು ನಿಂತಿತೋ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಆ ತರುಣನು ಈಗ ನಿತ್ಯವೂ ಪೂಜೆಗೆ ಕೂಡುವಾಗ, ಕರಸ್ಥಲದಲ್ಲಿ ಲಿಂಗವನ್ನಿರಿಸುವ ಮೊದಲು, ಬಲಗೈ ಬೆರಳಿನಿಂದ ಎಡಮುಂದೋಳನ್ನು ಮುಟ್ಟಿ ನೋಡುತ್ತಾನೆ. ಉಬ್ಬಿನ ಮೇಲೆ ಸೂಜಿ ಚುಚ್ಚುವುದನ್ನು ನಿಲ್ಲಿಸಿದ್ದಾರೆ; ಶಸ್ತ್ರವೈದ್ಯರು ಮುಂದಿನ ವಾರ ಪರೀಕ್ಷಿಸಲಿದ್ದಾರೆ.